ವಾರ್ಡನ್ ರುದ್ರಸ್ವಾಮಿಯವರ ನಂಬರ್ ಪುಸ್ತಕ

ರುದ್ರಸ್ವಾಮಿಯವರು ದಯೆಯಿಲ್ಲದ ಮನುಷ್ಯ. ಕೆಟ್ಟವರಲ್ಲ, ಕೆಟ್ಟತನಕ್ಕೂ ಒಂದಿಷ್ಟು ಕಲ್ಪನೆ ಬೇಕು, ಅದು ಅವರಲ್ಲಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ನಿಯಮ. ನಿಯಮ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ನಿಂತರೆ ಅವರು ಮನುಷ್ಯನ ಮುಖವನ್ನು ನೋಡುವ ತಂಟೆಗೇ ಹೋಗುತ್ತಿರಲಿಲ್ಲ. ಅವರ ಸೊಸೆ ಭಾನುಪ್ರಿಯಾ ಮದುವೆಯಾದ ಒಂಬತ್ತು ವರ್ಷಗಳಲ್ಲಿ ಈ ತೀರ್ಪಿಗೆ ಬಂದಿದ್ದಳು. ಅದನ್ನು ತಿದ್ದಲು ಅವಳಿಗೆ ಯಾವ ಕಾರಣವೂ ಸಿಕ್ಕಿರಲಿಲ್ಲ.

ಮಠವೊಂದರ ಉಚಿತ ವಿದ್ಯಾರ್ಥಿನಿಲಯದಲ್ಲಿ ಅವರು ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದವರು. ಇನ್ನೂರ ನಲವತ್ತು ಹುಡುಗರು. ಒಬ್ಬೊಬ್ಬನಿಗೂ ಒಂದು ಸ್ಟೀಲಿನ ತಟ್ಟೆ, ಒಂದು ಲೋಟ. ಎರಡರ ಅಂಚಿನಲ್ಲೂ ಉಳಿಯಿಂದ ಕೊರೆದ ನಂಬರು. ರಜೆಗೆ ಊರಿಗೆ ಹೋದ ಹುಡುಗನ ತಟ್ಟೆ ತನ್ನ ಗೂಡಿನಲ್ಲೇ ಬೋರಲು ಬಿದ್ದು ಅವನಿಗಾಗಿ ಕಾಯಬೇಕು. ಇನ್ನೊಬ್ಬ ಅದನ್ನು ಮುಟ್ಟುವಂತಿಲ್ಲ. ತಟ್ಟೆಯಿಲ್ಲದೆ ಪಂಕ್ತಿಗೆ ಬಂದವನಿಗೆ ಊಟವಿಲ್ಲ. ಪಂಕ್ತಿಯಲ್ಲಿ ಒಮ್ಮೆ ಕೂತವನನ್ನು, ಸ್ವಾಮಿಗಳೇ ಕರೆ ಕಳಿಸಿದರೂ, ಉಣ್ಣುವ ಮೊದಲು ಎಬ್ಬಿಸುವಂತಿಲ್ಲ. ನಂಬರುಗಳಿಗೆ ಒಂದು ದಪ್ಪ ಪುಸ್ತಕವಿತ್ತು. ಸೇರಲು ಬಂದು ಇನ್ನೂ ನಿರ್ಧಾರವಾಗದ ಹುಡುಗನ ಹೆಸರು ಅದರಲ್ಲಿ ಪೆನ್ಸಿಲಿನಲ್ಲಿ, ಸೇರಿದವನದು ಶಾಯಿಯಲ್ಲಿ. ಶಾಯಿಯಲ್ಲಿ ಬರೆದ ಹೆಸರನ್ನು ಅವರು ಹೊಡೆದುಹಾಕಿದ್ದನ್ನು ಯಾರೂ ಕಂಡಿಲ್ಲ.

ಅವರ ಮಗ ನಾಗೇಂದ್ರನೂ ಅದೇ ಹಾಸ್ಟೆಲಿನಲ್ಲಿದ್ದು ಓದಿದವನು. ನಂಬರು ನೂರ ಹನ್ನೆರಡು. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ತಟ್ಟೆಯನ್ನು ಸ್ಕೂಲಿನ ನಲ್ಲಿಯ ಹತ್ತಿರ ಮರೆತು ಬಂದ. ವಾರ್ಡನ್ ಅವನನ್ನು ಎಲ್ಲರೆದುರು ವಾಪಸು ಕಳಿಸಿದರು. ಎರಡು ಮೈಲಿ ಹೋಗಿ, ಎರಡು ಮೈಲಿ ಬಂದ. ಅಷ್ಟರಲ್ಲಿ ಅನ್ನದ ಕೊಪ್ಪರಿಗೆ ತೊಳೆದು ಬೋರಲು ಹಾಕಿ ಆಗಿತ್ತು. ಈ ಕಥೆಯನ್ನು ನಾಗೇಂದ್ರ ನಗುತ್ತಲೇ ಹೇಳುತ್ತಿದ್ದ, ಆದರೆ ಅಪ್ಪನ ಎದುರಿಗೆ ಹೇಳುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ರುದ್ರಸ್ವಾಮಿ ದಟ್ಟಗಳ್ಳಿಯಲ್ಲಿ ಮಗನ ಮನೆಗೆ ಬಂದರು. ಹಾಸ್ಟೆಲಿನಲ್ಲಿ ಇನ್ನೂರ ನಲವತ್ತು ಜನರನ್ನು ಆಳಿದವರಿಗೆ ಇಲ್ಲಿ ಸಿಕ್ಕಿದ್ದು ಮೂರು ಜನ: ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು ಸಿಂಚನ. ಆಳಲು ಏನೂ ಇಲ್ಲದೆ ಅವರು ಆರು ತಿಂಗಳು ಸೊರಗಿದರು. ಆಮೇಲೆ ಮನೆಗೆ ಇಂಟರ್ನೆಟ್ ಬಂತು.

ವೈರ್ ಎಳೆದು ರೌಟರ್ ಕೂರಿಸಿದವನು ಶಿವಕುಮಾರ್. ಕುವೆಂಪುನಗರದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು, ಬೈಕಿನ ಹಿಂದೆ ಏಣಿ ಕಟ್ಟಿಕೊಂಡು ಬಡಾವಣೆ ಬಡಾವಣೆ ತಿರುಗುವವನು. ರುದ್ರಸ್ವಾಮಿ ಅವನ ಬೆನ್ನ ಹಿಂದೆಯೇ ನಿಂತು ನೋಡಿದರು.

"ಇದಕ್ಕೆ ಎಷ್ಟು ಜನ ಸೇರಬಹುದು?"

"ಎಷ್ಟಾದ್ರೂ ಸೇರ್ಲಿ ಸರ್. ಫೋನು, ಟೀವಿ, ಲ್ಯಾಪ್‌ಟಾಪು, ಬಂದ್ ಬಂದೋರಿಗೆ ಇದೇ ಒಂದೊಂದು ಐಪಿ ಅಡ್ರೆಸ್ ಕೊಟ್ಬುಡ್ತದೆ. ಮುಂದಿನ ನಂಬರೆಲ್ಲ ಎಲ್ರಿಗೂ ಒಂದೇ, ಕೊನೇದು ಮಾತ್ರ ಬೇರೆ ಬೇರೆ. ನೋಡಿ, ನಿಮ್ಮ ಫೋನಿಗೆ ಈಗ ಏಳು ಬಂದದೆ."

"ನಾಳೆ?"

"ನಾಳೆ ಒಂಬತ್ತು ಬರಬಹುದು, ಹನ್ನೆರಡು ಬರಬಹುದು. ಡೈನಮಿಕ್ ಅಲ್ವಾ ಸರ್. ಖಾಲಿ ಇದ್ದದ್ದು ಕೊಡ್ತದೆ."

"ಇವತ್ತು ಏಳನೇ ತಟ್ಟೆ, ನಾಳೆ ಒಂಬತ್ತನೇ ತಟ್ಟೆ! ಇದೇನು ಮನೆಯೋ ಛತ್ರವೋ?"

ಶಿವಕುಮಾರನಿಗೆ ತಟ್ಟೆಯ ಮಾತು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. "ಒಂದೇ ನಂಬರು ಬೇಕು ಅಂದ್ರೆ ಸ್ಟ್ಯಾಟಿಕ್ ಮಾಡ್ಕೋಬಹುದು ಸರ್. ಮನೇಲಿ ಅದೆಲ್ಲ ಯಾಕೆ ಬುಡಿ," ಅಂದ. ಅನ್ನಬಾರದಿತ್ತು.

ಹದಿನೈದು ದಿನದಲ್ಲಿ ರುದ್ರಸ್ವಾಮಿ ಸ್ಟ್ಯಾಟಿಕ್ ಕಲಿತರು. ಅರವತ್ತೊಂಬತ್ತು ವರ್ಷದ ಮನುಷ್ಯ, ಇಂಗ್ಲಿಷ್ ಪುಟಗಳನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ, ಮನೆಯ ಪ್ರತಿಯೊಂದು ಯಂತ್ರದೊಳಗೂ ಹೋಗಿ ತಾವೇ ಕೂತು ನಂಬರು ತುಂಬಿದರು. ಕೆಂಪು ಬೈಂಡಿನ ಹೊಸ ಪುಸ್ತಕ ಬಂತು. ಅದರಲ್ಲಿ ಶಾಯಿಯಲ್ಲಿ: ೧೧ ತಾವು, ೧೨ ನಾಗೇಂದ್ರ, ೧೩ ಟೀವಿ, ೧೪ ಭಾನುಪ್ರಿಯಾಳ ಲ್ಯಾಪ್‌ಟಾಪ್, ೧೫ ಸಿಂಚನಳ ಟ್ಯಾಬು. ಯಾರೂ ನಂಬರು ಬದಲಿಸದಂತೆ ಎಲ್ಲದಕ್ಕೂ ಬೀಗ ಹಾಕಿ, ಬೀಗದ ಪಾಸ್‌ವರ್ಡುಗಳನ್ನು ತಲೆಯಲ್ಲಿಟ್ಟುಕೊಂಡರು. ವೈಫೈ ಪಾಸ್‌ವರ್ಡನ್ನೂ ಅವರೇ ಒತ್ತಿದರು, ಮಗನಿಗೂ ಹೇಳಲಿಲ್ಲ. ಇಷ್ಟೆಲ್ಲ ಮಾಡಿದ್ದರಿಂದ ಇಂಟರ್ನೆಟ್ ಒಂದು ಗುಲಗಂಜಿಯಷ್ಟೂ ಉತ್ತಮವಾಗಲಿಲ್ಲ. ರುದ್ರಸ್ವಾಮಿಯವರ ಆರೋಗ್ಯ ಮಾತ್ರ ಸುಧಾರಿಸಿತು. ಭಾನುಪ್ರಿಯಾ ಅದನ್ನು ಗಮನಿಸಿದ್ದಳು. ಅತ್ತೆ ಇಲ್ಲದ ಮನೆಯಲ್ಲಿ ಮಾವ ಮತ್ತೆ ಮೂರು ಮುದ್ದೆ ಉಣ್ಣುವ ಹಾಗಾದರೆ, ಹದಿನಾಲ್ಕನೇ ನಂಬರಿನವಳಾಗಿರಲು ಅವಳ ಅಭ್ಯಂತರವೇನೂ ಇರಲಿಲ್ಲ.

ಅಭ್ಯಂತರ ಹುಟ್ಟಿದ್ದು ಯುಗಾದಿಗೆ. ಅವಳ ತಾಯಿ ಬಸಮ್ಮ ಚಾಮರಾಜನಗರದಿಂದ ಬಂದಿದ್ದರು. ದಾವಣಗೆರೆಯಲ್ಲಿದ್ದ ಮಗ ಅಮರೇಶನ ಮುಖವನ್ನು ಹಬ್ಬದ ದಿನ ವಿಡಿಯೋದಲ್ಲಿ ನೋಡುವ ಆಸೆ. ಆ ರಸ್ತೆಯಲ್ಲಿ ಮನೆಯೊಳಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಬೀಗರ ಹತ್ತಿರ ಫೋನು ಹಿಡಿದುಕೊಂಡು ಹೋಗಿ ಪಾಸ್‌ವರ್ಡ್ ಹಾಕಿಕೊಡಿ ಎಂದು ಕೇಳಿದರು.

ರುದ್ರಸ್ವಾಮಿ ಎದ್ದು ನಿಂತೇ ಉತ್ತರ ಕೊಟ್ಟರು. "ಬಸಮ್ಮನೋರೇ, ಈ ಮನೇಲಿ ಊಟ ಕೇಳಿ, ಹಾಸಿಗೆ ಕೇಳಿ, ಇಲ್ಲ ಅನ್ನೋಲ್ಲ. ಅದನ್ನ ಮಾತ್ರ ಕೇಳಬೇಡಿ. ಪುಸ್ತಕದಲ್ಲಿ ಇರೋರು ಮನೇಲಿ ಇರೋರು. ಒಬ್ಬರಿಗೆ ಸಡಿಲ ಬುಟ್ರೆ ಅಲ್ಲಿಗೆ ಮುಗೀತು."

ಬಸಮ್ಮ, "ಆಗ್ಲಿ ಬುಡಿ, ಅದಕ್ಕೇನಂತೆ," ಎಂದು ಮಹಡಿ ಹತ್ತಿದರು. ನೀರಿನ ಟ್ಯಾಂಕಿನ ಪಕ್ಕದಲ್ಲಿ, ಉರಿಬಿಸಿಲಲ್ಲಿ, ಸೆರಗು ತಲೆಯ ಮೇಲೆ ಹೊದ್ದು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತ ಅಮ್ಮನನ್ನು ಭಾನುಪ್ರಿಯಾ ಕೆಳಗಿನಿಂದ ನೋಡಿದಳು. ಅದನ್ನು ಅವಳು ಮರೆಯಲಿಲ್ಲ.

ಅವಳು ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವಳು. ಸಿಂಚನ ಹುಟ್ಟಿದಾಗ ಸ್ಕೂಲಿನ ಕೆಲಸ ಬಿಟ್ಟವಳಿಗೆ ಮತ್ತೆ ಸಿಕ್ಕಿರಲಿಲ್ಲ. ಎಂಟು ವರ್ಷದ ಖಾಲಿ ಜಾಗವನ್ನು ಅರ್ಜಿಯಲ್ಲಿ ನೋಡಿದವರು ಅವಳನ್ನು ಕರೆಯುತ್ತಲೇ ಇರಲಿಲ್ಲ. ಮೇ ತಿಂಗಳಲ್ಲಿ ಊರ ಹೊರಗಿನ ಒಂದು ವಸತಿಶಾಲೆಯವರು ಕರೆದರು. ಪರೀಕ್ಷಿಸುವ ಮೂವರು ಮೂರು ಊರಿನಲ್ಲಿ ಇದ್ದುದರಿಂದ ಮನೆಯಿಂದಲೇ ವಿಡಿಯೋದಲ್ಲಿ ಅರ್ಧ ಗಂಟೆ ಪಾಠ ಮಾಡಿ ತೋರಿಸಬೇಕು. ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ. ಮಧ್ಯದಲ್ಲಿ ಸಂಪರ್ಕ ತಪ್ಪಿ ಹತ್ತು ನಿಮಿಷದೊಳಗೆ ಮರಳದಿದ್ದರೆ ಅಭ್ಯರ್ಥಿ ಗೈರುಹಾಜರು ಎಂದು ಪತ್ರದಲ್ಲೇ ಬರೆದಿದ್ದರು. ಅವಳಿಗೆ ಮೂವತ್ತೇಳು. ಇದು ಹೋದರೆ ಇನ್ನೊಂದು ಪತ್ರ ಬರುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಅದೇ ಹೊತ್ತಿಗೆ ಗೆಳತಿ ಲಾಸ್ಯಳನ್ನು ವಿಡಿಯೋದ ಆ ಕಡೆ ಕೂರಿಸಿಕೊಂಡು ಅಭ್ಯಾಸ ಮಾಡಿದಳು. ಸೊಗಸಾಗಿ ಆಯಿತು. ಸೋಮವಾರವೂ ಆಯಿತು. ಮಂಗಳವಾರ ಪಾಠದ ನಡುವೆ ಚಿತ್ರ ನಿಂತಿತು, ಬಂತು, ಮತ್ತೆ ನಿಂತಿತು. ಪರದೆಯ ಮೂಲೆಯಲ್ಲಿ ಒಂದು ಸಂದೇಶ ಮೂಡಿತು: ಇದೇ ಐಪಿ ಅಡ್ರೆಸ್ಸನ್ನು ಇನ್ನೊಂದು ಯಂತ್ರ ಬಳಸುತ್ತಿದೆ.

ಶಿವಕುಮಾರನಿಗೆ ಫೋನು ಮಾಡಿದಳು. "ಹದಿನಾಲ್ಕು ಇಬ್ಬರ ಹತ್ರ ಅದೆ ಮೇಡಂ," ಅಂದ ಅವನು. "ಒಂದೇ ಸೀಟಿಗೆ ಇಬ್ಬರು ಕೂತಂಗೆ. ಒಬ್ರನ್ನ ಒಬ್ರು ತಳ್ತಾ ಇರ್ತಾರೆ. ನಿಮ್ಮದನ್ನ ಆಟೋಮ್ಯಾಟಿಕ್‌ಗೆ ಹಾಕ್ಬುಡಿ, ಅದೇ ಖಾಲಿ ನಂಬರು ಹುಡುಕ್ಕೊಳ್ತದೆ. ಅರ್ಧ ನಿಮಿಷದ ಕೆಲಸ."

ಅರ್ಧ ನಿಮಿಷದ ಕೆಲಸಕ್ಕೆ ಬೀಗ ತೆಗೆಯಬೇಕಿತ್ತು. ಅವಳು ಮಾವನ ಹತ್ತಿರ ಹೋದಳು.

ರುದ್ರಸ್ವಾಮಿ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. "ಹದಿನಾಲ್ಕು ನಿನ್ನದು. ಶಾಯೀಲಿ ಬರೆದಿದೆ. ಅದು ಇನ್ನೊಬ್ಬರಿಗೆ ಹೋಗೋದು ಸಾಧ್ಯವೇ ಇಲ್ಲ."

"ಹೋಗಿದೆಯಲ್ಲ ಮಾವ. ಸಂದೇಶ ಬಂದಿದೆ."

"ಹಾಗಾದ್ರೆ ಯಾರೋ ಹೊರಗಿನೋರು ಒಳಗೆ ಬಂದಿದ್ದಾರೆ." ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ನಿಮ್ಮಮ್ಮನಿಗೆ ಹೇಗೋ ಹಾಕಿಕೊಟ್ಯಾ?"

"ಅಮ್ಮ ಊರಲ್ಲಿದ್ದಾರೆ. ಅವರು ಇಲ್ಲಿದ್ದಾಗಲೂ ಬಿಸಿಲಲ್ಲಿ ನಿಂತಿದ್ರು. ನೀವೇ ನೋಡಿದ್ರಿ."

ರುದ್ರಸ್ವಾಮಿ ಪುಸ್ತಕ ಮುಚ್ಚಿದರು. "ಆಟೋಮ್ಯಾಟಿಕ್ ಮಾಡೋಲ್ಲ. ಒಬ್ಬರದ್ದು ಬಿಚ್ಚಿದ್ರೆ ಎಲ್ಲರದ್ದೂ ಬಿಚ್ಚಿದ ಹಾಗೆ. ಯಾರ ತಟ್ಟೇಲಿ ಯಾರೋ ಉಣ್ಣೋದು ನನ್ನ ಕಣ್ಣ ಮುಂದೆ ಆಗಬಾರದು."

ಗಂಡ ಪಾಳಿ ಮುಗಿಸಿ ಬಂದಾಗ ಅವನ ಹತ್ತಿರ ಹೇಳಿಕೊಂಡಳು. ನಾಗೇಂದ್ರ ಶೂ ಬಿಚ್ಚುತ್ತ, "ನಾನು ಕೇಳೋಕೆ ಹೋದ್ರೆ ನೂರ ಹನ್ನೆರಡರ ತಟ್ಟೆ ಎಲ್ಲಿ ಅಂತಾರೆ ಕಣೇ," ಅಂದ. ಅಲ್ಲಿಗೆ ಗಂಡನ ನೆರವು ಮುಗಿಯಿತು.

ಬುಧವಾರ, ಗುರುವಾರ ಒಂದು ತೊಂದರೆಯೂ ಇರಲಿಲ್ಲ. ಮಾವ ಎರಡು ದಿನವೂ ಅವಳ ಕೋಣೆಯ ಬಾಗಿಲಲ್ಲಿ ನಿಂತು, "ನೋಡಿದ್ಯಾ?" ಎಂದು ಕೇಳಿ ಹೋದರು.

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಜವರಪ್ಪ ಬಂದ. ಹಾಸ್ಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವನು. ಹರೆಯದಲ್ಲಿ ಗರಡಿಯ ಪೈಲ್ವಾನ, ಈಗ ಮಂಡಿ ನೋವಿನ ಮುದುಕ. ಕೆಸರೆಯಲ್ಲಿ ಮಗನ ಜೊತೆ ಇದ್ದ. ಮಂಗಳವಾರ, ಶುಕ್ರವಾರ ಬಸ್ಸು ಹತ್ತಿ ದಟ್ಟಗಳ್ಳಿಯ ಮಗಳ ಮನೆಗೆ ಬರುತ್ತಿದ್ದ. ದಾರಿಯಲ್ಲಿ ವಾರ್ಡನ್ ಮನೆಯ ಹಿತ್ತಲಲ್ಲಿ ಎರಡು ಗಂಟೆ ಕೂತು ಹೋಗುವುದು ರೂಢಿ. ಭಾನುಪ್ರಿಯಾ ಅವನಿಗೆ ಕಾಫಿ ಕೊಟ್ಟು, ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದಳು.

ಪಾಠ ಎಂಟನೇ ಕ್ಲಾಸಿನದು, ಆಮ್ಲ ಮತ್ತು ಪ್ರತ್ಯಾಮ್ಲ. ಅವಳು ಬಿಳಿ ಕಾಗದಕ್ಕೆ ಅರಿಸಿನ ಬಳಿದು ಒಣಗಿಸಿ ಇಟ್ಟುಕೊಂಡಿದ್ದಳು. ಒಂದು ಬಟ್ಟಲಲ್ಲಿ ಸುಣ್ಣದ ತಿಳಿ, ಇನ್ನೊಂದರಲ್ಲಿ ನಿಂಬೆರಸ. ಪರದೆಯ ಮೇಲಿನ ಮೂರು ಮುಖಗಳು ಮೊದಲು ಬಿಗಿದುಕೊಂಡೇ ಇದ್ದವು. ಸುಣ್ಣದ ತಿಳಿಯನ್ನು ಬೆರಳಿನಿಂದ ಚಿಮುಕಿಸಿದಾಗ ಹಳದಿ ಕಾಗದ ಕೆಂಪಾಯಿತು. ನಡುವಿನ ಹೆಂಗಸು ಸ್ವಲ್ಪ ಮುಂದಕ್ಕೆ ಬಾಗಿದರು. "ಆರತಿಯ ನೀರು ಯಾಕೆ ಕೆಂಪಗಿರುತ್ತೆ ಅಂತ ಈಗ ನೀವೇ ಹೇಳಿ," ಎಂದಳು ಭಾನುಪ್ರಿಯಾ, ಮಕ್ಕಳಿಗೆ ಹೇಳುವ ಧಾಟಿಯಲ್ಲೇ. "ಈಗ ಇದಕ್ಕೆ ನಿಂಬೆರಸ ಹಾಕಿದರೆ..."

ಮೂರು ಮುಖಗಳೂ ಕಲ್ಲಾದವು. ಬಾಗಿದ ಹೆಂಗಸು ಬಾಗಿದಲ್ಲೇ ನಿಂತರು. ಮೂಲೆಯಲ್ಲಿ ಅದೇ ಸಂದೇಶ.

ಅವಳು ಗಡಿಯಾರ ನೋಡಿದಳು. ಹತ್ತು ಐವತ್ತು. ಹನ್ನೊಂದರವರೆಗೆ ಸಮಯ.

ನಡುಮನೆಗೆ ಓಡಿ ಬಂದಳು. "ಮಾವ, ನಿಂತೋಯ್ತು. ಹದಿನಾಲ್ಕು ಇನ್ನೊಬ್ಬರ ಹತ್ರ ಇದೆ. ಈ ಮನೆಯೊಳಗೇ ಇದೆ."

"ಮನೇಲಿ ನಾನು, ನೀನು, ಸಿಂಚನ. ಮೂರೂ ಪುಸ್ತಕದಲ್ಲಿ..."

ಅಷ್ಟರಲ್ಲಿ ಹಿತ್ತಲಿಂದ ಜವರಪ್ಪನ ಧ್ವನಿ ಬಂತು. "ಅಯ್ನೋರೇ! ಒಸಿ ಬನ್ನಿ ಇತ್ಲಾಗೆ. ಇನ್ನೇನು ಚಿತ್ ಮಾಡ್ಬೇಕು, ಅಂಗೇ ನಿಂತ್ಬುಟ್ರು ಕಣ್ರೀ ಇಬ್ರೂವೆ!"

ಇಬ್ಬರೂ ಹಿತ್ತಲಿಗೆ ಹೋದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ, ನುಗ್ಗೆಮರದ ನೆರಳಲ್ಲಿ ಜವರಪ್ಪ ಕೂತಿದ್ದ. ತೊಡೆಯ ಮೇಲೆ ಫೋನು. ಫೋನಿನಲ್ಲಿ ಮಣ್ಣಿನ ಅಖಾಡ, ಒಬ್ಬರನ್ನೊಬ್ಬರು ಹಿಡಿದುಕೊಂಡು ಕದಲದೆ ನಿಂತ ಇಬ್ಬರು ಪೈಲ್ವಾನರು. ಸದ್ದು ಪೂರಾ ತೆಗೆದಿಟ್ಟಿತ್ತು.

ಭಾನುಪ್ರಿಯಾ ಫೋನು ನೋಡಿದಳು. ಆಮೇಲೆ ಮಾವನ ಮುಖ ನೋಡಿದಳು.

"ಯಾರು ಹಾಕಿಕೊಟ್ಟಿದ್ದು ಜವರಪ್ಪ, ಇದನ್ನ?"

"ಇವರೇ ಕಣವ್ವ. ಹೋದ ದೀಪಾವಳೀಲಿ. ಕೆಸರೇಲಿ ಮೊಮ್ಮಗ ಫೋನ್ ಮುಟ್ಟಕ್ಕೇ ಬುಡಾಕಿಲ್ಲ, ಒಂದು ಕುಸ್ತಿ ನೋಡ್ದೆ ವರ್ಸಾಯ್ತು ಅಂದೆ. ಕೊಡು ಇಲ್ಲಿ ಅಂದ್ರು. ಸದ್ದು ಮಾತ್ರ ಮಾಡ್ಬೇಡ ಅಂದವ್ರೆ." ಜವರಪ್ಪ ಇಬ್ಬರನ್ನೂ ಮಿಕಿಮಿಕಿ ನೋಡಿದ. "ಯಾಕವ್ವ, ತಪ್ಪಾಯ್ತಾ?"

ರುದ್ರಸ್ವಾಮಿ ನುಗ್ಗೆಮರದ ಕಡೆ ತಿರುಗಿದ್ದರು. "ಅವನಿಗೆ ನಂಬರೇ ಕೊಟ್ಟಿಲ್ಲವಲ್ಲ," ಎಂದರು, ಯಾರಿಗೋ ಸಮಜಾಯಿಷಿ ಹೇಳುವವರ ಹಾಗೆ. "ಪುಸ್ತಕದಲ್ಲೇ ಬರೆದಿಲ್ಲ. ನಂಬರಿಲ್ಲದವನು ಹದಿನಾಲ್ಕಕ್ಕೆ ಹೇಗೆ ಬಂದ?"

ಮಾವ ಮಾಡಿದ ತಪ್ಪು ಭಾನುಪ್ರಿಯಾಳಿಗೆ ಆಗ ಅರ್ಥವಾಯಿತು. ನಿಯಮ ಮುರಿದದ್ದನ್ನು ದಾಖಲೆಯಲ್ಲಿ ಬರೆಯಲು ನಾಚಿಕೆಪಟ್ಟು ಜವರಪ್ಪನನ್ನು ಪುಸ್ತಕದಿಂದ ಹೊರಗಿಟ್ಟಿದ್ದರು. ಕೆಂಪು ಬೈಂಡಿನ ಪುಸ್ತಕವನ್ನು ರೌಟರ್ ಕೂಡ ಓದಿದೆ ಎಂದು ಅವರು ಮನಃಪೂರ್ವಕ ನಂಬಿದ್ದರು. ರೌಟರಿಗೆ ಪುಸ್ತಕ ಗೊತ್ತಿಲ್ಲ. ಬೆಳಿಗ್ಗೆ ಅವಳ ಲ್ಯಾಪ್‌ಟಾಪ್ ಮುಚ್ಚಿರುತ್ತಿತ್ತು, ಹದಿನಾಲ್ಕು ಖಾಲಿ ಕಾಣುತ್ತಿತ್ತು, ಹಿತ್ತಲಲ್ಲಿ ಬಂದು ಕೂತವನಿಗೆ ಅದು ಆ ತಟ್ಟೆಯಲ್ಲೇ ಬಡಿಸಿತ್ತು.

ಆದರೆ ಅದನ್ನೆಲ್ಲ ಹೇಳುವ ಹೊತ್ತಲ್ಲ ಅದು. "ಮಾವ, ಆರು ನಿಮಿಷ ಇದೆ," ಎಂದಳು. "ಜವರಪ್ಪನ ಫೋನು ಆಫ್ ಮಾಡಿಬಿಡಿ ಸಾಕು."

ಜವರಪ್ಪ ಆಗಲೇ ಫೋನನ್ನು ಎರಡು ಕೈಯಲ್ಲಿ ನೀಡಿದ್ದ. ರುದ್ರಸ್ವಾಮಿ ಕೈ ಚಾಚಲಿಲ್ಲ.

"ಇರ್ಲಿ, ಇಟ್ಕೋ," ಎಂದರು. "ಕೂತಿದ್ದೀಯ. ಕೂತೋನ್ನ ಎಬ್ಬಿಸಬಾರದು."

ಪಂಚೆ ಎತ್ತಿಕಟ್ಟಿ, ಅವಳು ಎಂದೂ ಕಾಣದ ವೇಗದಲ್ಲಿ ಅವಳ ಕೋಣೆಗೆ ನಡೆದರು. ಲ್ಯಾಪ್‌ಟಾಪಿನ ಮುಂದೆ ಬಾಗಿ ಬೀಗದ ಪಾಸ್‌ವರ್ಡ್ ಒತ್ತಿದರು. ಮೊದಲ ಸಲ ತಪ್ಪಾಯಿತು. ಬೈದುಕೊಂಡು ಮತ್ತೆ ಒತ್ತಿದರು. ಪುಟ ತೆರೆಯಿತು. ತಾವೇ ತುಂಬಿದ್ದ ಹದಿನಾಲ್ಕರ ಮೇಲೆ ಅವರ ಬೆರಳು ಒಂದು ಗಳಿಗೆ ನಿಂತಿತು. ಅಳಿಸಿದರು. ಆಟೋಮ್ಯಾಟಿಕ್ ಎಂಬುದನ್ನು ಒತ್ತಿದರು.

"ಏನು ಬಂತು?" ಎಂದು ಕೇಳಿದರು, ಪರದೆ ನೋಡಲು ಇಷ್ಟವಿಲ್ಲದೆ ಗೋಡೆ ನೋಡುತ್ತ.

"ಮೂವತ್ತೊಂದು."

"ಮೂವತ್ತೊಂದು! ಕ್ರಮವೇ ಇಲ್ಲ, ಥೂ." ಬಾಗಿಲು ಎಳೆದುಕೊಂಡು ಹೊರಗೆ ಹೋದರು.

ಮೂರು ಮುಖಗಳು ಮತ್ತೆ ಬಂದವು. ಎಂಟು ನಿಮಿಷವಾಗಿತ್ತು. ಭಾನುಪ್ರಿಯಾ ಕ್ಷಮೆ ಕೇಳಿ, ಕೆಂಪು ಕಾಗದವನ್ನು ಎತ್ತಿ ಹಿಡಿದು, ನಿಂತಲ್ಲಿಂದಲೇ ಶುರು ಮಾಡಿದಳು. "ಈಗ ಇದಕ್ಕೆ ನಿಂಬೆರಸ ಹಾಕಿದರೆ ಏನಾಗಬಹುದು?" ಹನಿ ಬಿದ್ದಲ್ಲಿ ಕಾಗದ ಮತ್ತೆ ಹಳದಿಯಾಯಿತು. ಹೆಂಗಸು ನಕ್ಕರು. ಸಂಜೆ ನಾಲ್ಕಕ್ಕೆ ಶಾಲೆಯಿಂದ ಫೋನು ಬಂತು: ಜೂನ್ ಎರಡರಂದು ಕೆಲಸಕ್ಕೆ ಹಾಜರಾಗಬೇಕು.

ಅವಳು ಸಿಹಿ ಮಾಡುವ ಮೊದಲು ಮಾವನ ಹತ್ತಿರ ಹೋಗಿ ಹೇಳಿದಳು. ಅವರು ತಲೆಯಾಡಿಸಿ, "ಲ್ಯಾಪ್‌ಟಾಪ್ ಇಲ್ಲಿ ತಾ," ಎಂದರು. "ಬೆಳಿಗ್ಗೆ ಮಾಡಿದ್ದು ಬೆಳಿಗ್ಗೆಗೆ. ನಿನ್ನ ನಂಬರು ನಿನಗೆ ವಾಪಸು ಬರಬೇಕು."

ಅವಳಿಗೆ ನಗು ಬಂತು, ಸಿಟ್ಟೂ ಬಂತು. ಈ ಮನುಷ್ಯ ಬದಲಾಗುವುದಿಲ್ಲ ಎಂದುಕೊಂಡು ತಂದುಕೊಟ್ಟಳು. ಅವರು ಫೋನಿನಲ್ಲಿ ಶಿವಕುಮಾರನನ್ನು ಹಿಡಿದಿಟ್ಟುಕೊಂಡು ರೌಟರಿನ ಮುಂದೆ ಕೂತಿದ್ದರು.

"ಸರ್, ನೀವು ಪುಸ್ತಕದಲ್ಲಿ ಬರ್ಕೊಂಡ್ರೆ ಪಾಪ ಅದಕ್ಕೆ ಎಂಗೆ ಗೊತ್ತಾಗ್ಬೇಕು?" ಎಂದು ಅವನು ನಗುತ್ತಿದ್ದದ್ದು ಅಡುಗೆಮನೆಗೂ ಕೇಳಿಸುತ್ತಿತ್ತು. "ನೂರರಿಂದ ಮೇಲಕ್ಕೆ ಮಾತ್ರ ಹಂಚು ಅಂತ ಅದಕ್ಕೆ ಹೇಳಿ. ನೂರರ ಕೆಳಗಿಂದೆಲ್ಲ ನಿಮ್ಮ ಕೈಲಿ ಉಳೀತದೆ. ಯಾರ ನಂಬರು ಯಾರಿಗೂ ಹೋಗಾಕಿಲ್ಲ."

"ಇದನ್ನ ಮೊದಲ ದಿನವೇ ಹೇಳಬೇಕಿತ್ತು ನೀನು."

"ಯಾಕೆ ಬುಡಿ ಅಂತ ಹೇಳಿದ್ನಲ್ಲ ಸರ್."

ರಾಗಿ ಹಿಟ್ಟು ಕಲಸುತ್ತಿದ್ದ ಭಾನುಪ್ರಿಯಾ, ಮಾವ ದೀಪ ಹಚ್ಚಲು ದೇವರಕೋಣೆಗೆ ಹೋದದ್ದನ್ನು ಕಂಡು, ಕೈ ತೊಳೆದು ಒರೆಸಿಕೊಂಡು ನಡುಮನೆಗೆ ಬಂದಳು. ಲ್ಯಾಪ್‌ಟಾಪಿನ ಪಕ್ಕದಲ್ಲಿ ಕೆಂಪು ಬೈಂಡಿನ ಪುಸ್ತಕ ತೆರೆದೇ ಇತ್ತು. ಹದಿನಾಲ್ಕರ ಎದುರು ತನ್ನ ಹೆಸರು ಹಾಗೆಯೇ ಇದೆಯೋ ಎಂದು ನೋಡಿದಳು. ಇತ್ತು. ಅದರ ಕೆಳಗೆ ಸಿಂಚನ. ಸಿಂಚನಳ ಕೆಳಗೆ ಎರಡು ಹೊಸ ಸಾಲುಗಳಿದ್ದವು, ಅದೇ ದುಂಡು ಅಕ್ಷರದಲ್ಲಿ.

೧೬ – ಜವರಪ್ಪ. ಮಂಗಳವಾರ, ಶುಕ್ರವಾರ.

೧೭ – ಬಸಮ್ಮನವರು. ಬಂದಾಗ.

ಕಡೆಯ ಸಾಲು ಪೆನ್ಸಿಲಿನದೇ ಇರಬೇಕೆಂದು ಅವಳು ಅದರ ಮೇಲೆ ಬೆರಳಾಡಿಸಿದಳು. ಬೆರಳಿಗೆ ಶಾಯಿ ಹತ್ತಿತು.